ಹಿಡಿದವನ ಲೆಕ್ಕ

ಬನದ ಹುಣ್ಣಿಮೆ ಕಳೆದು ನಾಲ್ಕು ದಿನಗಳಾಗಿರಬೇಕು, ಇಟಗಿಯಿಂದ ನನಗೊಂದು ಪತ್ರ ಬಂದಿತು. ಮೊಬೈಲನ್ನು ಕೈಯಲ್ಲಿ ಹಿಡಿದೇ ಹುಟ್ಟಿದವರಂತಿರುವ ಈಗಿನ ತರುಣರು ಅಂಚೆಯಲ್ಲಿ ಪತ್ರ ಕಳಿಸಬೇಕಾದರೆ ಸಂಗತಿ ಗಂಭೀರವೇ ಇರಬೇಕೆಂದುಕೊಂಡು ಒಡೆದು ನೋಡಿದೆ. ಊರಿನ ಶಾಲೆಯ ಬಯಲಿನ ಅಂಚಿಗೆ ಒಂದು ಕಲ್ಲನ್ನು ನಿಲ್ಲಿಸುವುದು. ಕಬಡ್ಡಿಯಲ್ಲಿ ಊರಿನ ಹೆಸರನ್ನು ಮೆರೆಸಿದ ನಾಲ್ವರು ಹಳೆಯ ಆಟಗಾರರ ಹೆಸರುಗಳನ್ನು ಅದರ ಮೇಲೆ ಕೆತ್ತಿಸುವುದು. ಹೆಸರುಗಳನ್ನು ಆರಿಸಲು ಐವರ ಸಮಿತಿ. ಆ ಐವರಲ್ಲಿ ನಾನೂ ಒಬ್ಬ. ಕಾರಣವನ್ನೂ ಕಾಣಿಸಿದ್ದರು: "ಹಳೆಯ ಪಂದ್ಯಗಳ ಲೆಕ್ಕದ ಪುಸ್ತಕ ತಮ್ಮಲ್ಲಿ ಇದೆಯೆಂದು ಹಿರಿಯರು ಹೇಳುತ್ತಾರೆ. ಬರುವಾಗ ಅದನ್ನೂ ತರಬೇಕು."

ಇಟಗಿ ಎಂದೊಡನೆ ಹಲವರಿಗೆ ನೆನಪಾಗುವುದು ಕೊಪ್ಪಳ ಜಿಲ್ಲೆಯ ಇಟಗಿ, 1112ರಲ್ಲಿ ಚಾಲುಕ್ಯರ ದಂಡನಾಯಕ ಮಹಾದೇವನು ಕಟ್ಟಿಸಿದ ಆ ಮಹಾದೇವ ದೇವಾಲಯದ ಇಟಗಿ. ನಮ್ಮದು ಅದಲ್ಲ. ನಮ್ಮದು ರೋಣದ ಸೀಮೆಯದು, ಭೀಮಾಂಬಿಕೆಯ ಇಟಗಿ. ಶಿಲ್ಪ ನೋಡಲು ಬಂದು ದಾರಿ ತಪ್ಪಿ ನಮ್ಮೂರಿನ ಬಸ್ಸು ಹತ್ತಿದವರನ್ನು ನಾನೇ ಇಬ್ಬರು ಮೂವರನ್ನು ಕಂಡಿದ್ದೇನೆ. ಅವರಿಗೆ ಮಜ್ಜಿಗೆ ಕೊಟ್ಟು ಕಳಿಸುವುದು ಊರಿನ ಪದ್ಧತಿ.

ನಮ್ಮ ಕಡೆಯದು ಎರೆ ನೆಲ. ಜೋಳಕ್ಕೂ ಕುಸುಬಿಗೂ ಹತ್ತಿಗೂ ಅದು ತಾಯಿ. ಕಬಡ್ಡಿಗೆ ಮಾತ್ರ ಮಲತಾಯಿ. ಮಳೆಯಲ್ಲಿ ಕಾಲನ್ನು ಹಿಡಿದರೆ ಬಿಡುವುದಿಲ್ಲ, ಬೇಸಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು. ಆದುದರಿಂದ ಪಂದ್ಯಕ್ಕೆ ಎಂಟು ದಿನ ಮೊದಲೇ ಚಕ್ಕಡಿಗಳಲ್ಲಿ ಮಸಾರಿ ಮಣ್ಣನ್ನು ತಂದು ಸುರಿದು, ಸಾಣಿಗೆ ಹಿಡಿದು, ನೀರು ಚಿಮುಕಿಸಿ, ಅಂಕಣವನ್ನು ಹದಮಾಡುತ್ತಿದ್ದರು. ಗೆರೆಗಳಿಗೆ ಸುಣ್ಣ. ಅಂಕಣದ ಬದಿಗೆ ಶಾಲೆಯಿಂದ ತಂದ ಒಂದು ಮೇಜು, ಆ ಮೇಜಿನ ಹಿಂದೆ 1973ರಿಂದ ಎಂಟು ವರ್ಷಗಳ ಕಾಲ ನಾನು. ಮೈಯಲ್ಲಿ ಕಸುವಿಲ್ಲದ ಹುಡುಗನಿಗೆ, ಅಕ್ಷರ ದುಂಡಗಿದ್ದ ಕಾರಣಕ್ಕಾಗಿ, ಊರು ಕೊಟ್ಟ ಪದವಿ ಅದು: ಲೆಕ್ಕ ಬರೆಯುವವನು.

ಆ ಪುಸ್ತಕ ಧಾರವಾಡದ ನನ್ನ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿತ್ತು. ಇಳಿಸಿ, ಧೂಳು ಕೊಡವಿ, ಕನ್ನಡಕ ಏರಿಸಿ ಓದಲು ಕುಳಿತೆ. ನಿಜ ಹೇಳಬೇಕೆಂದರೆ ಮೊದಲ ಅರ್ಧ ಗಂಟೆ ಹೆಮ್ಮೆಯಿಂದಲೇ ಓದಿದೆ. ಎಷ್ಟು ಅಚ್ಚುಕಟ್ಟು! ದಾಳಿಗೆ ಹೋದವನ ಹೆಸರು, ಅವನು ಮುಟ್ಟಿ ಬಂದ ಅಂಕಗಳು, ಲೋನಾ ಆದಲ್ಲಿ ಕೆಂಪು ಶಾಯಿಯ ಗುರುತು. ಎಡಗಡೆಯಲ್ಲಿ ಹೆಸರುಗಳ ಮೆರವಣಿಗೆ. ಬಲಗಡೆಯಲ್ಲಿ 'ಹಿಡಿತ' ಎಂಬ ಒಂದೇ ಒಂದು ಅಂಕಣ. ಅದರಲ್ಲಿ ಹೆಸರಿಲ್ಲ, ಬರಿಯ ಗೀಟುಗಳು. ನಾಲ್ಕು ಉದ್ದ ಗೀಟು, ಅವನ್ನು ಅಡ್ಡಹಾಯ್ದು ಐದನೆಯದು. ಮತ್ತೆ ನಾಲ್ಕು, ಮತ್ತೊಂದು. ಎಂಟು ವರ್ಷಗಳ ಆಟದಲ್ಲಿ ಎದುರಾಳಿಯನ್ನು ಕೆಡವಿ ನಿಲ್ಲಿಸಿದ ಒಬ್ಬನೇ ಒಬ್ಬನ ಹೆಸರನ್ನು ನಾನು ಬರೆದಿರಲಿಲ್ಲ.

ಬರೆಯಬೇಕೆಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲವೆಂಬುದು ನಿಜ. ದಾಳಿಗೆ ಹೋಗುವವನು ಒಬ್ಬ; ಅವನನ್ನು ಎಲ್ಲರೂ ನೋಡುತ್ತಾರೆ. ಹಿಡಿಯುವವರು ಏಳು ಜನ. ಧೂಳೆದ್ದು, ಒಬ್ಬರ ಮೇಲೊಬ್ಬರು ಬಿದ್ದು, ಅಂಪೈರಿನ ಸೀಟಿ ಊದಿದ ಮೇಲೆ ಕೆಳಗಿನಿಂದ ಯಾರ ಕೈ ಮೊದಲು ಹೊರಬಂದಿತೆಂದು ಹೇಳುವವರು ಯಾರು? ಇದು ನನ್ನ ಸಮರ್ಥನೆ. ಆದರೆ ನಮ್ಮ ತಂಡದ ಮಟ್ಟಿಗೆ ಈ ಸಮರ್ಥನೆ ನಿಲ್ಲುವುದಿಲ್ಲ. ಯಾರ ಕೈಯೆಂಬುದು ನನಗೆ ಹತ್ತರಲ್ಲಿ ಆರು ಸಲವಾದರೂ ಗೊತ್ತಿತ್ತು. ಅದು ನನ್ನ ಕಾಕಾನ ಕೈ.

ಕಾಕಾ ಎಡಗಡೆಯ ಮೂಲೆಯಲ್ಲಿ ನಿಲ್ಲುತ್ತಿದ್ದ. ಎತ್ತರದ ಆಳಲ್ಲ, ಒಕ್ಕಲುತನದ ಮೈ. ಆಟದ ಹೊತ್ತಿನಲ್ಲಿ ಅವನು ದಾಳಿಗಾರನ ಮುಖವನ್ನು ನೋಡುತ್ತಿರಲಿಲ್ಲ, ಅವನ ಮಂಡಿಗಳನ್ನೇ ನೋಡುತ್ತಿದ್ದ. ಮುಖ ಸುಳ್ಳು ಹೇಳುತ್ತದೆ, ಕೈ ಸುಳ್ಳು ಹೇಳುತ್ತದೆ, ತಿರುಗುವ ಮಂಡಿ ಸುಳ್ಳು ಹೇಳುವುದಿಲ್ಲವೆಂದು ಅವನ ಸಿದ್ಧಾಂತ. ಎದುರಾಳಿಯು ಬೆನ್ನು ತಿರುಗಿಸುವ ಆ ಅರ್ಧ ಕ್ಷಣದಲ್ಲಿ ನೆಲಕ್ಕೆ ಚಾಚಿ ಬಿದ್ದು ಹಿಮ್ಮಡಿಯ ಮೇಲಿನ ಗಂಟನ್ನು ಹಿಡಿದುಬಿಟ್ಟರೆ ಮುಗಿಯಿತು. ಮಿಕ್ಕ ಆರು ಜನ ಬಂದು ಮೇಲೆ ಬೀಳುವುದಷ್ಟೇ ಉಳಿಯುತ್ತಿತ್ತು. ಒದೆತ ತಿಂದು ತಿಂದು ಅವನ ಬಲಗೈಯ ಕಿರುಬೆರಳು ಹೊರಕ್ಕೆ ತಿರುಗಿ ಹಾಗೆಯೇ ನಿಂತಿತ್ತು. ಊಟಕ್ಕೆ ಕುಳಿತಾಗ ಆ ಬೆರಳು ರೊಟ್ಟಿಯ ಗೊಡವೆಗೆ ಬರದೆ ಬೇರೆಯೇ ದಿಕ್ಕನ್ನು ನೋಡುತ್ತಿತ್ತು.

ಒಂದು ಸಲ, ಬಹುಶಃ 1977ರಲ್ಲಿ, ಪಂದ್ಯ ಮುಗಿಸಿ ಬಂದವನು ನನ್ನ ಮೇಜಿನ ಬಳಿ ನಿಂತು ಪುಸ್ತಕವನ್ನು ಎತ್ತಿಕೊಂಡ. ಮೈಯೆಲ್ಲ ಮಸಾರಿ. ಎಡಗಡೆಯ ಹೆಸರುಗಳನ್ನು ಬೆರಳಿಟ್ಟು ಓದಿದ. ಕೊನೆಗೆ ಕೇಳಿದ: "ನನ್ನ ಹೆಸರು ಎಲ್ಲೈತೋ ತಮ್ಮಾ?"

"ಕಾಕಾ, ಹಿಡಿದದ್ದಕ್ಕ ಹೆಸರು ಹಾಕೂದಿಲ್ಲ. ಬರೇ ಗೀಟು."

"ಹೌದೇನು," ಎಂದು ನಕ್ಕು, ಪುಸ್ತಕವನ್ನು ಹಾಗೆಯೇ ಮೇಜಿನ ಮೇಲಿಟ್ಟು ಹೋದ. ಆ ಪುಟದಲ್ಲಿ ಅವನ ಬೆರಳಿನ ಕೆಮ್ಮಣ್ಣಿನ ಗುರುತು ಇಂದಿಗೂ ಇದೆ. ಕಾಕಾ ಮಾತ್ರ ಈಗಿಲ್ಲ.

ಸಮಿತಿಯ ಮೊದಲನೆಯ ಸಭೆ ಶಾಲೆಯ ಕೋಣೆಯಲ್ಲಿ ಸೇರಿತು. ನಿವೃತ್ತ ಗುರುಗಳೊಬ್ಬರು, ಇಬ್ಬರು ಹಳೆಯ ಆಟಗಾರರು, ಪತ್ರ ಬರೆದ ತರುಣ, ಮತ್ತು ನಾನು. ತರುಣನು ಬಲು ಚುರುಕು. ನನ್ನ ಪುಸ್ತಕವನ್ನು ಎರಡೇ ದಿನಗಳಲ್ಲಿ ತನ್ನ ಯಂತ್ರಕ್ಕೆ ಇಳಿಸಿ, ಪ್ರತಿಯೊಬ್ಬ ದಾಳಿಗಾರನ ಒಟ್ಟು ಅಂಕಗಳನ್ನು ತೆಗೆದು, ಏರಿಳಿತದ ಕ್ರಮದಲ್ಲಿ ಜೋಡಿಸಿ ತಂದಿದ್ದ. ಮೊದಲ ನಾಲ್ಕು ಹೆಸರುಗಳು ತಾವಾಗಿಯೇ ಎದ್ದು ಕಾಣುತ್ತಿದ್ದವು. ನಾಲ್ವರೂ ದಾಳಿಗಾರರು. "ಇದರಾಗ ಚರ್ಚಾ ಮಾಡೂದು ಏನೈತ್ರೀ? ಲೆಕ್ಕ ತಮ್ಮದ," ಎಂದು ನನ್ನತ್ತ ನೋಡಿದ. ನಾನು ಕಾಕಾನ ಹೆಸರನ್ನೆತ್ತಿದೆ. "ಅವರ ಆಟ ನಾವು ಕೇಳೇವ್ರಿ. ಆದ್ರ ಅವರದು ಎಷ್ಟು ಅಂತ ಇಡೂದು?" ಎಂದು ಕೇಳಿದ. ಆ ಪ್ರಶ್ನೆಗೆ ಉತ್ತರ ಇಲ್ಲದಂತೆ ಮಾಡಿದವನು ನಾನೇ. ತೀರ್ಮಾನವನ್ನು ಹದಿನೈದು ದಿನ ಮುಂದಕ್ಕೆ ಹಾಕಿದರು.

ಧಾರವಾಡಕ್ಕೆ ಮರಳುವ ಬಸ್ಸಿನಲ್ಲಿ ನನಗೆ ನೆನಪಾದದ್ದು ಅಮೆರಿಕದ ಒಂದು ಊರು. ಇಟಗಿಗೂ ಅಮೆರಿಕಕ್ಕೂ ಎಲ್ಲಿಯ ಸಂಬಂಧವೆಂದು ವಾಚಕರು ಹುಬ್ಬೇರಿಸಬಾರದು. 2023ರಲ್ಲಿ ಓಹಾಯೋ ಪ್ರಾಂತದಲ್ಲಿರುವ ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದೆ. ಅಳಿಯನಿಗೆ ಅಲ್ಲಿಯ ಫುಟ್‌ಬಾಲಿನ ಹುಚ್ಚು. ಹೆಸರಿಗೆ ಕಾಲ್ಚೆಂಡು, ಆಡುವುದೆಲ್ಲ ಬಹುಮಟ್ಟಿಗೆ ಕೈಯಿಂದ. ಅದೇ ಪ್ರಾಂತದ ಕ್ಯಾಂಟನ್ ಎಂಬ ಊರಿನಲ್ಲಿ ಆ ಆಟದ ಮಹಾಪುರುಷರಿಗಾಗಿ 1963ರಲ್ಲಿ ತೆರೆದ ಒಂದು ಕೀರ್ತಿಮಂದಿರವಿದೆ. ಅಳಿಯ ನನ್ನನ್ನು ಅಲ್ಲಿಗೆ ಕರೆದೊಯ್ದ. ಸಾಲುಸಾಲಾಗಿ ಕಂಚಿನ ತಲೆಗಳು. ನನಗೆ ಅವುಗಳಲ್ಲಿ ಒಂದರ ಗುರುತೂ ಇಲ್ಲ, ಕಾಲು ನೋಯುತ್ತಿತ್ತು, ಎಲ್ಲಿಯಾದರೂ ಕುಳಿತು ಚಹಾ ಕುಡಿಯೋಣವೆಂದು ಮನಸ್ಸು. ಆಗ ಅಳಿಯ ಒಂದು ತಲೆಯ ಮುಂದೆ ನಿಂತು ಹೇಳಿದ ಕಥೆಯಿಂದ ನಾನು ಎಚ್ಚತ್ತೆ.

ಆ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬೊಬ್ಬನು ಚೆಂಡನ್ನು ದೂರಕ್ಕೆ ಎಸೆಯುತ್ತಾನೆ. ಅವನೇ ಅಲ್ಲಿಯ ನಾಯಕನಟ. ಅವನು ಎಸೆಯುವ ಮುನ್ನ, ಅವನನ್ನು ಕಾಯುವ ದೈತ್ಯರ ಸಾಲನ್ನು ಭೇದಿಸಿ ನುಗ್ಗಿ ಅವನನ್ನು ಕೆಡವುವುದು ಎದುರು ಪಕ್ಷದ ಕೆಲವರ ಕೆಲಸ. ಹಾಗೆ ಕೆಡವಿದ್ದಕ್ಕೆ 'ಸ್ಯಾಕ್' ಎಂದು ಹೆಸರು. ಆ ಮಾತನ್ನು ಜನರ ಬಾಯಲ್ಲಿ ನಿಲ್ಲಿಸಿದವನು ಡೀಕನ್ ಜೋನ್ಸ್ ಎಂಬ ಮಹಾಕಾಯ. ವಿಚಿತ್ರವೆಂದರೆ, ಅವನು 1974ರಲ್ಲಿ ಆಟ ಬಿಟ್ಟ. ಅಲ್ಲಿಯ ಸಂಘದವರು ಸ್ಯಾಕ್‌ಗಳ ಅಧಿಕೃತ ಲೆಕ್ಕ ಇಡತೊಡಗಿದ್ದು 1982ರಿಂದ. ಮುಂದೆ ಆಸಕ್ತರು ಹಳೆಯ ದಾಖಲೆಗಳನ್ನೂ ಚಲನಚಿತ್ರಗಳನ್ನೂ ಸೋಸಿ ಅವನದು 173.5 ಎಂದು ಎಣಿಸಿದ್ದಾರೆ. ಇಬ್ಬರು ಕೂಡಿ ಕೆಡವಿದರೆ ತಲೆಗೆ ಅರ್ಧ, ಆದುದರಿಂದ ಆ ಅರ್ಧ. ಅಧಿಕೃತ ಪುಸ್ತಕದಲ್ಲಿ ಮಾತ್ರ ಅವನ ಮುಂದೆ ಇಂದಿಗೂ ಏನೂ ಇಲ್ಲ.

ಅವನಿಗೆ ಕೀರ್ತಿಮಂದಿರದಲ್ಲಿ ಸ್ಥಾನ ಸಿಕ್ಕಿದ್ದು ಯಾವಾಗ? 1980ರಲ್ಲಿ! ಎಂದರೆ ಲೆಕ್ಕ ಆರಂಭವಾಗುವುದಕ್ಕೆ ಎರಡು ವರ್ಷ ಮೊದಲು. ಅಂಕಿಯೇ ಇಲ್ಲದೆ, ನೋಡಿದವರ ಮಾತಿನ ಮೇಲೆಯೇ ಅವನನ್ನು ಆರಿಸಿದ್ದರು. ಹಾಗೆಂದು ಎಲ್ಲರಿಗೂ ಆ ಭಾಗ್ಯವಿರಲಿಲ್ಲ. ಅಳಿಯ ನಿಂತಿದ್ದ ಆ ತಲೆ ಜೋ ಕ್ಲೆಕೊ ಎಂಬವನದು. 1981ರಲ್ಲಿ, ಲೆಕ್ಕ ಶುರುವಾಗುವ ಹಿಂದಿನ ವರ್ಷವೇ, ಅವನು ಇಪ್ಪತ್ತಕ್ಕೂ ಮಿಕ್ಕಿ ಸ್ಯಾಕ್ ಮಾಡಿದ್ದನಂತೆ. ಆಟ ಬಿಟ್ಟದ್ದು 1988ರಲ್ಲಿ. ಅವನ ತಲೆ ಕಂಚಿನಲ್ಲಿ ಬಂದದ್ದು 2023ರಲ್ಲಿ. ಮೂವತ್ತೈದು ವರ್ಷ. ಅಲ್ಲಿ ಸುಮಾರು ಐವತ್ತು ಜನರ ಸಮಿತಿ ಕುಳಿತು ವಾದಿಸಿ, ನೂರಕ್ಕೆ ಎಂಬತ್ತು ಮತ ಬಿದ್ದರೆ ಮಾತ್ರ ಒಬ್ಬನನ್ನು ಒಳಗೆ ಬಿಡುತ್ತದೆಂದು ಅಳಿಯ ವಿವರಿಸಿದ. ನಮ್ಮದು ಐವರ ಸಮಿತಿ. ಜಗಳ ಮಾತ್ರ ಅದೇ.

ಮನೆಗೆ ಬಂದವನು ನಮ್ಮ ತರುಣನಿಗೆ ದೂರವಾಣಿ ಮಾಡಿ ಇದನ್ನೆಲ್ಲ ಹೇಳಿದೆ. ಅವನು ತಾಳ್ಮೆಯಿಂದ ಕೇಳಿದ. ಆಮೇಲೆ ತನ್ನ ಬಾಣವನ್ನು ಬಿಟ್ಟ: 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದಂದಿನಿಂದ ಹಿಡಿತಗಳಿಗೂ ಹೆಸರು ಹಚ್ಚಿ ಲೆಕ್ಕ ಇಡುತ್ತಾರೆ, ಆ ಲೆಕ್ಕದಲ್ಲಿಯೂ ದಾಳಿಗಾರನೇ ಮೇಲು. 2017ರ ಒಂದೇ ಆವೃತ್ತಿಯಲ್ಲಿ ಪ್ರದೀಪ್ ನರ್ವಾಲ್ ದಾಳಿಯಿಂದ ಗಳಿಸಿದ ಅಂಕಗಳು 369. ಹಿಡಿಯುವವರಲ್ಲಿ ಒಂದು ಆವೃತ್ತಿಗೆ ನೂರು ಮುಟ್ಟಿದ ಮೊದಲಿಗ ನಿತೇಶ್ ಕುಮಾರ್, ಅದೂ ಅದರ ಮರುವರ್ಷದ ಆವೃತ್ತಿಯಲ್ಲಿ. "ಮೂರೂವರಿ ಪಟ್ಟು ಫರಕ್ ಐತಿ ಸರ್," ಎಂದ.

ಫರಕು ಇದೆ, ಒಪ್ಪತಕ್ಕದ್ದೇ. ಆದರೆ ದಾಳಿಗಾರನು ಒಂದೇ ಉಸಿರಿನಲ್ಲಿ ಮೂವರನ್ನು ಮುಟ್ಟಿ ಮೂರು ಅಂಕ ತರಬಲ್ಲ. ಹಿಡಿದವನಿಗೆ ಸಾಮಾನ್ಯವಾಗಿ ಸಿಗುವುದು ಒಂದೇ. ಏಳು ಜನ ಕೂಡಿ ಹಿಡಿದರೂ ಆ ಒಂದು ಯಾರೋ ಒಬ್ಬನ ಹೆಸರಿಗೆ ಬೀಳುತ್ತದೆ. ಕೈಗೆ ಕೈ ಕೊಟ್ಟು ಸರಪಳಿಯಾಗಿ ನಿಂತ ಪಕ್ಕದವನಿಗೆ ಧೂಳು. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಮೂಲೆಯಲ್ಲಿ ಭಯಂಕರನೊಬ್ಬನು ನಿಂತಿದ್ದಾನೆಂದರೆ ದಾಳಿಗಾರ ಆ ಕಡೆಗೆ ಸುಳಿಯುವುದೇ ಇಲ್ಲ. ಬೋನಸ್ ಗೆರೆಯನ್ನು ಕೆಣಕದೆ, ನಡುವಿನಲ್ಲಿಯೇ ಹೆಜ್ಜೆ ಹಾಕಿ, ಬರಿಗೈಯಲ್ಲಿ ಮರಳುತ್ತಾನೆ. ಆ ಬರಿಗೈಯನ್ನು ಯಾವ ಪುಸ್ತಕದಲ್ಲಿ, ಯಾರ ಹೆಸರಿಗೆ ಬರೆಯುವುದು? ಹಣ ಹಾಕುವವರಿಗೆ ಇದು ತಿಳಿದಿರಬೇಕು. 2018ರ ಹರಾಜಿನಲ್ಲಿ ಇರಾನಿನ ಫಜಲ್ ಅತ್ರಾಚಲಿಗೆ ಒಂದು ಕೋಟಿ ರೂಪಾಯಿ ಕೊಟ್ಟರಲ್ಲ, ಅವನು ಎಡಗಡೆಯ ಮೂಲೆಯವನು.

ಇಷ್ಟು ವಾದಿಸಿದ ಮೇಲೂ ನನ್ನ ಮನಸ್ಸಿಗೆ ಸಮಾಧಾನವಾಗಲಿಲ್ಲ. ನಾನು ಕಾಕಾನ ಮಗನಂತೆ ಬೆಳೆದವನು. ಅವನ ಹಿರಿಮೆಯನ್ನು ನಾನು ಕಂಡದ್ದೋ, ಕಾಣಬೇಕೆಂದು ಬಯಸಿದ್ದೋ? ಬೇರೆಯ ಸಾಕ್ಷಿ ಬೇಕು. ಯಾರನ್ನು ಕೇಳುವುದು? ನಮ್ಮ ತಂಡದವರು ನಮ್ಮವರೇ. ಆಗ ಹೊಳೆಯಿತು: ಹಿಡಿಯುವವನ ಯೋಗ್ಯತೆಯನ್ನು ಅವನ ಕೈಗೆ ಸಿಕ್ಕವರಲ್ಲಿ ಕೇಳಬೇಕು.

ಸೂಡಿಯ ಕಡೆ ಒಬ್ಬ ಹಿರಿಯರಿದ್ದಾರೆ. ಆ ಕಾಲಕ್ಕೆ ಅವರ ದಾಳಿಯೆಂದರೆ ಹತ್ತೂರಿನ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಹುಡುಕಿಕೊಂಡು ಹೋದೆ. ಕಟ್ಟೆಯ ಮೇಲೆ ಕುಳಿತು ಸೇಂಗಾ ಸುಲಿಯುತ್ತಿದ್ದರು. ನಾನು ಇಟಗಿಯವನೆಂದೆ, ಲೆಕ್ಕ ಬರೆಯುತ್ತಿದ್ದವನೆಂದೆ, ಗುರುತು ಹತ್ತಲಿಲ್ಲ. ಮೇಜಿನ ಹಿಂದೆ ಕೂತವನನ್ನು ಯಾರು ನೆನಪಿಡುತ್ತಾರೆ? ಕಾಕಾನ ಹೆಸರನ್ನು ಬೇಕೆಂದೇ ಹೇಳದೆ ಕೇಳಿದೆ: "ಆಟದಾಗ ನಿಮಗ ಯಾರ ಅಂಜಿಕಿ ಇತ್ರೀ?"

"ಅಂಜಿಕಿ? ನನಗ?" ಎಂದು ನಕ್ಕರು. ಸ್ವಲ್ಪ ಹೊತ್ತು ಸೇಂಗಾ ಸುಲಿದರು. ಆಮೇಲೆ ತಾವಾಗಿಯೇ ಹೇಳಿದರು: "ನಿಮ್ಮೂರಾಗ ಎಡಗಡೆ ಒಬ್ಬಾಂವ ನಿಲ್ತಿದ್ದ. ಕಿರುಬೆರಳ ಸೊಟ್ಟ. ಅಂವ ಇದ್ದನಂದ್ರ ನಾ ಆ ಮಗ್ಗಲಕ ಹೋಗತಿದ್ದಿಲ್ಲ. ಎದಕ ಹೋಗಬೇಕ್ರೀ? ಮನಿಗಿ ನಡಕೋತ ಬರಬೇಕಲ್ಲ!"

ನನಗೆ ಬೇಕಾದದ್ದು ಸಿಕ್ಕಿತ್ತು, ಎದ್ದು ಬರಬಹುದಾಗಿತ್ತು. ಆದರೆ ಅವರು ಇನ್ನೂ ಒಂದು ಮಾತು ಹೇಳಿದರು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. "ಅವನಿಗೆ ಒಂದ ಚಟ ಇತ್ತು. ಕೆಣಕಿದ್ರ ತಡಕೋತಿದ್ದಿಲ್ಲ. ಹಿಂದ ಬಿದ್ದಾಗ ಅವಸರ ಮಾಡ್ತಿದ್ದ. ಒಂದು ಫೈನಲ್‌ನಾಗ ಮೂರು ಸಲ ಸುಳ್ಳ ಬೆನ್ನ ತೋರಿಸಿದೆ, ಮೂರೂ ಸಲ ಬಿದ್ದ, ಮೂರೂ ಸಲ ತಪ್ಪಿಸಿಕೊಂಡೆ." ಆ ಫೈನಲ್ ನನಗೆ ಚೆನ್ನಾಗಿ ನೆನಪಿದೆ. ನಾವು ಎರಡು ಅಂಕಗಳಿಂದ ಸೋತೆವು. ತಪ್ಪಿದ ಹಿಡಿತಕ್ಕೂ ನನ್ನ ಪುಸ್ತಕದಲ್ಲಿ ಹೆಸರಿರಲಿಲ್ಲ. ಅವನ ಗೆಲುವನ್ನು ಬರೆಯದ ನಾನು ಅವನ ಸೋಲನ್ನೂ ಬರೆದಿರಲಿಲ್ಲವೆಂಬುದು ಆ ಕಟ್ಟೆಯ ಮೇಲೆ ಕುಳಿತಾಗಲೇ ತಿಳಿದದ್ದು.

ಎರಡನೆಯ ಸಭೆಯಲ್ಲಿ ಈ ಎರಡು ಮಾತುಗಳನ್ನೂ, ಒಂದನ್ನು ಬಿಟ್ಟು ಒಂದನ್ನಲ್ಲ, ಹಾಗೆಯೇ ಮುಂದಿಟ್ಟೆ. ನಾನು ಸಂಬಂಧಿಕನಾದುದರಿಂದ ಈ ಒಂದು ಹೆಸರಿನ ಮಟ್ಟಿಗೆ ನನ್ನ ಮತವಿಲ್ಲವೆಂದೂ ಹೇಳಿದೆ. ತರುಣನು ಪಟ್ಟುಬಿಡಲಿಲ್ಲ. ಒಬ್ಬರ ಬಾಯಿಮಾತಿನ ಮೇಲೆ ಹೆಸರು ಕೆತ್ತಿದರೆ ನಾಳೆ ಪ್ರತಿಯೊಂದು ಮನೆಯಿಂದಲೂ ಒಬ್ಬ ಕಾಕಾ ಬರುತ್ತಾನೆ. ಅಂಕಿಗೆ ಬಂಧುಬಳಗವಿಲ್ಲ, ಅದೇ ಅದರ ಗುಣ ಎಂದ. ಅವನ ಮಾತಿನಲ್ಲಿ ಹುರುಳಿತ್ತು. ಅಂಕಿಗೆ ಬಂಧುಬಳಗವಿಲ್ಲದಿರಬಹುದು, ಬರೆಯುವವನಿಗೆ ಕಣ್ಣಿನ ಚಪಲವಿರುತ್ತದಲ್ಲ ಎಂದು ನಾನು ಹೇಳಬೇಕೆಂದಿದ್ದೆ. ಮತವಿಲ್ಲದವನು ವಾದವನ್ನೂ ಬಿಡಬೇಕೆಂದು ಸುಮ್ಮನಾದೆ.

ಆಗ ಮಾತನಾಡಿದವರು ಗುರುಗಳು. ಇತಿಹಾಸ ಕಲಿಸಿದವರು, ಎಲ್ಲ ಮಾತನ್ನೂ ಶಾಸನದ ಹತ್ತಿರಕ್ಕೆ ಒಯ್ಯುವ ಅಭ್ಯಾಸ. ನಮ್ಮ ಕಡೆಯ ಹಳೆಯ ಗುಡಿಗಳ ಪೌಳಿಯಲ್ಲಿ ನಿಂತಿರುವ ವೀರಗಲ್ಲುಗಳನ್ನು ನೆನಪಿಸಿದರು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಎಷ್ಟೋ ಕಲ್ಲುಗಳ ಮೇಲೆ ಇರುವುದು ತುರುಗೋಳಿನ ಕಥೆ. ದಾಳಿ ಮಾಡಿ ದನ ಹೊಡೆದುಕೊಂಡು ಹೋದವನಿಗಿಂತ, ಅಡ್ಡಗಟ್ಟಿ ದನ ಬಿಡಿಸಿದವನಿಗೇ ಊರು ಕಲ್ಲು ನಿಲ್ಲಿಸಿತು. ಅವನು ಎಷ್ಟು ಜನರನ್ನು ಕೆಡವಿದನೆಂಬ ಲೆಕ್ಕ ಕಲ್ಲಿನ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಎಲ್ಲಿ ನಿಂತನೆಂಬುದು ಇರುತ್ತದೆ. "ಮನುಷ್ಯರ ಮಾತು ಇರಲಿ," ಎಂದರು ಗುರುಗಳು, "ಆತಕೂರಿನ ಶಾಸನ ನೋಡ್ರಿ. ಹತ್ತನೆಯ ಶತಮಾನದ್ದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಾಗ ಐತಿ. ಕಾಳಿ ಅನ್ನೂ ಬೇಟಿನಾಯಿ ಹಂದಿನ್ನ ಹಿಡೀತು, ಎರಡೂ ಸತ್ತವು, ನಾಯಿಗೆ ಕಲ್ಲು ನಿಲ್ಲಿಸ್ಯಾರ." ಹಳೆಯ ಆಟಗಾರರಲ್ಲೊಬ್ಬರು, ನಮ್ಮವನನ್ನು ನಾಯಿಗೆ ಹೋಲಿಸಿದಿರಲ್ಲ ಎಂದು ಗೊಣಗಿದರು. ಗುರುಗಳು ಸ್ವಲ್ಪ ಪೇಚಾಡಿದರು. ಚಹಾ ಬಂದುದರಿಂದ ಪ್ರಸಂಗ ಅಲ್ಲಿಗೆ ನಿಂತಿತು.

ಮೂರು ಮತ ಈ ಕಡೆ, ಒಂದು ಮತ ಆ ಕಡೆ. ಅಂಕಿಗಳ ಸಾಲಿನಲ್ಲಿ ನಾಲ್ಕನೆಯವನಾಗಿದ್ದ ದಾಳಿಗಾರನ ಹೆಸರು ಬಿಟ್ಟುಹೋಯಿತು. ಅವನ ಮಗ ಈಗ ಗಜೇಂದ್ರಗಡದಲ್ಲಿ ಅಂಗಡಿ ಇಟ್ಟಿದ್ದಾನೆ. ನಾನು ಆ ದಾರಿಯಾಗಿ ಹೋಗುವಾಗ ಅವನು ನಮಸ್ಕಾರ ಮಾಡುತ್ತಾನೆ. ಮೊದಲಿನ ಹಾಗೆ ಕರೆದು ಕೂಡಿಸಿಕೊಳ್ಳುವುದಿಲ್ಲ. ಅವನ ತಂದೆಯ ಅಂಕಗಳೆಲ್ಲ ನನ್ನದೇ ದುಂಡಗಿನ ಅಕ್ಷರಗಳಲ್ಲಿ, ಒಂದೂ ತಪ್ಪಿಲ್ಲದೆ ಇವೆ.

ಕಲ್ಲು ಬಂದ ದಿನ ನಾನೂ ಹೋಗಿದ್ದೆ. ಮಾವಿನ ಮರದ ಕೆಳಗೆ ಕಲ್ಲುಕುಟಿಗ ಕುಳಿತಿದ್ದ. ಹೆಸರುಗಳ ಎದುರಿಗೆ ಒಟ್ಟು ಅಂಕಗಳನ್ನೂ ಕೆತ್ತಬೇಕೆಂದು ತರುಣನು ಮೊದಲೇ ಹೇಳಿದ್ದರಿಂದ, ಅವನು ಸುಣ್ಣದ ಕಡ್ಡಿಯಿಂದ ಎರಡು ಅಂಕಣಗಳನ್ನು ಎಳೆದುಕೊಂಡಿದ್ದ. ಮೂರು ಹೆಸರು, ಮೂರು ಅಂಕಿ ಮುಗಿದವು. ನಾಲ್ಕನೆಯ ಹೆಸರನ್ನು ಕೆತ್ತಿ, ಪುಡಿಯನ್ನು ಊದಿ, ತಲೆಯೆತ್ತಿದ.

"ಇವರ ಮುಂದ ಎಷ್ಟು ಅಂತ ಹಾಕಲ್ರೀ?"

ತರುಣನು ನನ್ನನ್ನು ನೋಡಿದ. ನಾನು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದೆ. ಕಾಕಿ, ಸೆರಗನ್ನು ತಲೆಯ ಮೇಲೆಳೆದುಕೊಂಡು, ಶಾಲೆಯ ಗೋಡೆಯ ನೆರಳಿನಲ್ಲಿ ಕುಳಿತಿದ್ದಳು; ಅವಳಿಗೆ ಕಿವಿ ಮಂದ, ಕೇಳಿಸಿರಲಾರದು.

"ಅಲ್ಲಿ ಹಂಗs ಬಿಡಪಾ," ಎಂದು ತರುಣನೇ ಹೇಳಿದ.

ಕಲ್ಲುಕುಟಿಗ ಆ ಜಾಗದ ಸುಣ್ಣದ ಗೆರೆಯನ್ನು ಅಂಗೈಯಿಂದ ಒರೆಸಿ, ಉಳಿಯನ್ನು ಕೆಳಗಿನ ಸಾಲಿಗೆ ಸರಿಸಿದ. ಅಲ್ಲಿ ಊರಿನ ಹೆಸರು ಬರಬೇಕಾಗಿತ್ತು.